ಸುಣ್ಣದ ಗುರುತು ಹಾಕಿದ ಹೊಲ

ಮಹಾಯುದ್ಧ ಮುಗಿದ ಮೇಲೆ, ವಿಮಾನದಿಂದ ಹೊಲಗಳ ಫೋಟೋ ತೆಗೆದು ಬೆಳೆ ನಕ್ಷೆ ಮಾಡುವ ಹುಚ್ಚು ಸರಕಾರಕ್ಕೆ ಹಿಡಿಯಿತು. ನಾನಾಗ ಧಾರವಾಡದ ಕಚೇರಿಯೊಂದರಲ್ಲಿ ಸರ್ವೆ ಗುಮಾಸ್ತ. ಮೇಲಿನಿಂದ ನೋಡಿದರೆ ನಮ್ಮ ಎರೆಭೂಮಿಯೆಲ್ಲ ಹಾಸಿದ ಕರಿ ಕಂಬಳಿ. ಯಾವ ಫೋಟೋ ಯಾವ ಊರಿನದೆಂದು ಬ್ರಹ್ಮನಿಗೂ ತಿಳಿಯದು. ಅದಕ್ಕೇ ಊರಿಗೊಂದು ಹೊಲದಲ್ಲಿ ಸುಣ್ಣದಿಂದ ಉದ್ದಕ್ಕೊಂದು ಅಡ್ಡಕ್ಕೊಂದು ದಪ್ಪ ಗೆರೆ ಎಳೆದು ಗುರುತು ಹಾಕಬೇಕಿತ್ತು. ಹುಬ್ಬಳ್ಳಿ ದಾರಿಯ ಆಚೀಚಿನ ನಾಲ್ಕು ಹಳ್ಳಿ ನನ್ನ ಪಾಲಿಗೆ ಬಂದವು.

ನಾಲ್ಕನೆಯ ಹಳ್ಳಿಯಲ್ಲಿ ನಾನು ಆರಿಸಿದ ಹೊಲ ಒಬ್ಬ ಮುಸಲ್ಮಾನ ಮುದುಕನದು. ಹುಬ್ಬಳ್ಳಿಯ ಮನೆಮನೆಗೆ ಹೋಗಿ ಗಾದಿಯ ಅರಳೆ ಹಿಂಜುವುದು ಆತನ ಕಸುಬು. ಈ ಎರಡೆಕರೆ ಪಟ್ಟಿಯ ಜೋಳವೇ ಮನೆಗೆಲ್ಲ ವರ್ಷದ ರೊಟ್ಟಿ. ಹಿಂಗಾರಿ ಬಿತ್ತನೆಗೆ ನೆಲ ಹದಕ್ಕೆ ಬಂದಿತ್ತು. ಯಾರದೋ ಎತ್ತು, ಕೂರಿಗೆ ಕೇಳಿ ತಂದು ಬದುವಿನ ಮೇಲೆ ನಿಂತಿದ್ದ. ಗುರುತಿನ ಸುತ್ತ ಹತ್ತು ಹೆಜ್ಜೆ ಬಿತ್ತದೆ ಬಿಟ್ಟರೆ ಸಾಕೆಂದು ಮೇಲಿನವರ ಅಪ್ಪಣೆಯಿತ್ತು. ಆದರೆ ಆತ ಕರೆದ ‘ಸಾಹೇಬ್ರ’ ನನ್ನ ತಲೆಗೇರಿತು.

“ಕಾಕಾ, ವಿಮಾನ ಬಂದು ಹೋಗೂತನಕಾ ಈ ಹೊಲಕ್ಕ ಎತ್ತು ಇಳಿಸಬ್ಯಾಡ್ರಿ. ಒಂದ ಹೆಜ್ಜಿನೂ ಬೀಳಬಾರದು. ಸರಕಾರದ ಹುಕುಂ ಅದ.”

“ಹದಾ ಹೋಕ್ಕೈತ್ರಿ ಸಾಹೇಬ್ರ. ಯಾವಾಗ ಬರತೈತ್ರಿ ಅದು?”

“ನಾಡದು ಮುಂಜಾನಿ. ಆಮ್ಯಾಲ ಲಗೂನ ಬಿತ್ತಿಕೊಳ್ರಿ.”

ಮರುದಿನವೇ ತಂತಿ ಬಂತು. ಮೋಡ ಸರಿಯುವ ತನಕ ವಿಮಾನ ಹಾರುವುದಿಲ್ಲ, ರೈತರಿಗೆ ಬಿತ್ತಲು ಹೇಳಿ, ಗುರುತು ಆಮೇಲೆ ಹೊಸದಾಗಿ ಹಾಕೋಣ ಎಂದು. ಸೈಕಲ್ ತುಳಿದು ಮೂರು ಹಳ್ಳಿಗೆ ಹೇಳಿದೆ. ನಾಲ್ಕನೆಯದರ ದಾರಿಯಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ನಾನೇ ಹೊರುವ ಹಾಗಾಯಿತು. ಅಂದು ಸಂಜೆ ಧಾರವಾಡದಲ್ಲಿ ಗಾಯನದ ಬೈಠಕ್ ಇತ್ತು, ನನಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಹಾಳು ಕೆಸರು ಎಂದು ಬೈದು ತಿರುಗಿ ಬಂದೆ. ದಿನಚರಿಯಲ್ಲಿ ನಾಲ್ಕೂ ಊರಿನ ಮುಂದೆ ‘ತಿಳಿಸಲಾಗಿದೆ’ ಎಂದು ಬರೆದೆ. ಮುದುಕನೇನು ಹುಚ್ಚನೇ, ವಿಮಾನ ಕಾಣದಿದ್ದರೆ ತಾನೇ ಬಿತ್ತುತ್ತಾನೆ ಎಂದುಕೊಂಡೆ. ಅಂದು ಕೇಳಿದ ಹಾಡಿನ ಒಂದು ಸ್ವರವೂ ಈಗ ನೆನಪಿಲ್ಲ. ಆ ಕೆಸರು ಮಾತ್ರ ನೆನಪಿದೆ.

ಎರಡು ವಾರ ಕಳೆದ ಮೇಲೆ ಒಂದು ದಿನ ಮುಗಿಲು ತೆರವಾದದ್ದೇ ತಡ, ಹೇಳದೆ ಕೇಳದೆ ವಿಮಾನ ಬಂದು ಹೋಯಿತು. ಹೊಸ ಗುರುತು ಹಾಕಲು ಯಾರಿಗೂ ಪುರಸತ್ತಾಗಲಿಲ್ಲ. ಫೋಟೋಗಳು ಬಂದಾಗ ಅಧಿಕಾರಿಗಳು ಭೂತಗನ್ನಡಿ ಹಿಡಿದು ತಾಸುಗಟ್ಟಲೆ ಹುಡುಕಿದರು. ಬಿತ್ತಿದ ಹೊಲಗಳೆಲ್ಲ ಬಾಚಿದ ತಲೆಯ ಹಾಗೆ ಗೆರೆಗೆರೆ. ನಡುವೆ ಒಂದೇ ಒಂದು ಪಟ್ಟಿ ಬೋಳು, ಅದರ ಮೇಲೆ ಸುಣ್ಣದ ಗುರುತು ನಿಚ್ಚಳ.

“ಭಲೇ! ಇದೊಂದು ಇರೋದಕ್ಕ ನಮ್ಮ ಮಾನ ಉಳೀತು. ಯಾರು ಹಾಕಿದ್ದು?”

“ನಾನ ರೀ,” ಎಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಬಾರದಿತ್ತೇ!

ಬೆಳೆ ತಾಳೆ ನೋಡಲು ಆ ಫೋಟೋ ಹಿಡಿದು ಹೋಗಲೇಬೇಕಾಯಿತು. ಸುತ್ತ ಮೊಣಕಾಲುದ್ದ ಜೋಳ. ಮುದುಕನ ಹೊಲ ಒಣಗಿ ಬಿರುಕು ಬಿಟ್ಟಿತ್ತು. ನನ್ನನ್ನು ಕಂಡು ಓಡಿಬಂದ.

“ಬರ್ರಿ ಸಾಹೇಬ್ರ! ಮಳಿಗೆ ಸುಣ್ಣಾ ತೊಳದ ಹೋಗತಿತ್ರಿ, ಮೂರ ಸಲ ನಾನ ಹಾಕೇನಿ. ಬಿತ್ತೋ ಹುಚ್ಚಾ ಅಂತ ಮಂದಿ ನಕ್ಕರು. ಸಾಹೇಬ್ರು ತಾವ ಬಂದು ಹೇಳತಾರ, ತಡೀರಿ ಅಂದೆ. ವಿಮಾನ ಬಂದು ಹೋಗೂದ್ರಾಗ ಬಿತ್ತೂ ಹೊತ್ತು ಮೀರಿತ್ರಿ. ಫೋಟೋ ಛಲೋ ಬಂತೇನ್ರಿ?”

ತೋರಿಸಿದೆ. ಬೆರಳು ತಾಗಿಸದೆ ಬಗ್ಗಿ ನೋಡಿದ.

“ಖರೇ ನಂದ ಹೊಲ! ನೋಡ್ರಿ, ಒಂದ ಹೆಜ್ಜಿ ಬೀಳಗೊಟ್ಟಿಲ್ಲ.”

ಬಿತ್ತದ ಹೊಲಕ್ಕೆ ಏನು ಬರೆಯಬೇಕೋ ಅದನ್ನು ಬರೆಯಬೇಕಿತ್ತು. ತಲೆ ತಗ್ಗಿಸಿ ನಕ್ಷೆಯಲ್ಲಿ ಆ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ‘ಬೀಳು’ ಎಂದು ಬರೆದೆ. ಆತನಿಗೆ ಓದು ಬರುತ್ತಿರಲಿಲ್ಲ.

“ಏನ ಬರದ್ರಿ ಸಾಹೇಬ್ರ?”

“ನಿಮ್ಮ ಹೆಸರು, ಕಾಕಾ.”

ಮುದುಕನ ಮುಖ ಅರಳಿತು. ಸರಕಾರದ ಕಾಗದದಲ್ಲಿ ತನ್ನ ಹೆಸರು ಬಂತೆಂದು ಪಕ್ಕದ ಹೊಲದವನನ್ನು ಕೂಗಿ ಹೇಳಿದ. ಆತನ ಹೆಸರನ್ನು ನಾನು ಸುಣ್ಣ ಹಾಕಿದ ದಿನವೂ ಕೇಳಿರಲಿಲ್ಲ, ಆ ದಿನವೂ ಕೇಳಲಿಲ್ಲ.