ಹತ್ತು ದಿನದ ಅಂಗಡಿಯಲ್ಲಿ ಬ್ಯಾಗು ತೆರೆದದ್ದು

ಮೊನ್ನೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೈಗೆ ತುರುಕಿದ ಕರಪತ್ರದಲ್ಲಿ ಹೀಗಿತ್ತು: ‘ನಿಮ್ಮ ಬಾಲ್ಯದ ವಿಡಿಯೋ ಗೇಮ್ ಲೋಕ. ಹತ್ತೇ ದಿನ!’ ಬಾಲ್ಯ ಎಂಬ ಮಾತಿಗೆ ಮನಸ್ಸು ಅರಳಬೇಕಿತ್ತು. ನನ್ನ ಕಣ್ಣು ನೆಟ್ಟಿದ್ದು ‘ಹತ್ತೇ ದಿನ’ದ ಮೇಲೆ. ಹನ್ನೊಂದನೆಯ ದಿನ ಕೆಟ್ಟ ಮಾಲು ಹಿಡಿದು ಹೋದರೆ ಯಾರನ್ನು ಕೇಳುವುದು, ನೀವೇ ಹೇಳಿ. ಹಾಲಿನ ಪ್ಯಾಕೆಟ್ಟನ್ನು ಕೊಟ್ಟವರ ಎದುರಿಗೇ ಮೂಸುವವಳು ನಾನು. ಮೋಸ ಎಲ್ಲಿದೆ ಎಂದು ಪತ್ತೆ ಮಾಡಲೆಂದೇ ಹೋದೆ.

ಮುಚ್ಚಿಹೋಗಿದ್ದ ಫೋಟೋ ಸ್ಟುಡಿಯೋ ಒಂದರಲ್ಲಿ ಅಂಗಡಿ. ಹಳೇ ಗೇಮುಗಳ ಚೌಕಚೌಕ ಚಿತ್ರಗಳಿದ್ದ ಟೀ ಶರ್ಟು, ಕಾಫಿ ಕಪ್ಪು, ಕೀ ಚೈನು. ನಡುವೆ ನಾವು ಟಿ.ವಿ.ಗೆ ಹಾಕಿ ಆಡುತ್ತಿದ್ದಂಥ ಹಳದಿ ಗೇಮ್ ಕ್ಯಾಸೆಟ್ಟು. ಒಂದನ್ನೆತ್ತಿ ಉಗುರಿನಿಂದ ಕೆರೆದೆ.

“ಹಳೇದು ಅಂತೀರಿ, ಹೊಸ ಪ್ಲಾಸ್ಟಿಕ್ ವಾಸ್ನೆ ಬತ್ತಾ ಇದೆಯಲ್ಲಮ್ಮ?”

“ಹಳೇದಲ್ಲ ಮೇಡಂ, ಹಳೇದರ ಥರ ಮಾಡಿರೋದು. ಬೋರ್ಡಲ್ಲೇ ಬರ್ದಿದೀವಿ,” ಎಂದಳು ಅಂಗಡಿಯ ಹುಡುಗಿ. ನಿಜವಾಗಿಯೂ ಬರೆದಿತ್ತು. ಸ್ವಲ್ಪ ನಿರಾಸೆಯೇ ಆಯಿತು.

ಹೊರಡುವಾಗ ಅವಳು ಬಾಗಿಲಿಗೆ ಬಂದಳು. “ಬೇಜಾರು ಮಾಡ್ಕೋಬೇಡಿ ಮೇಡಂ, ಒಂದ್ ಕ್ಯಾಸೆಟ್ ಕಾಣ್ತಿಲ್ಲ. ಬ್ಯಾಗ್ ಸ್ವಲ್ಪ ತೋರಿಸ್ತೀರಾ?”

ಕಾಲೇಜು ಹುಡುಗಿಯರಿಬ್ಬರು ನೋಡುತ್ತಿದ್ದಂತೆ ನನ್ನ ಕರಿಬೇವು, ಛತ್ರಿ, ಬಿ.ಪಿ. ಮಾತ್ರೆ ಮೇಜಿನ ಮೇಲೆ ಬಂದವು. ಕ್ಯಾಸೆಟ್ಟು ಟೀ ಶರ್ಟುಗಳ ಅಡಿಯಲ್ಲಿತ್ತು, ಕೆರೆದು ನೋಡಿ ಮರೆತು ಅಲ್ಲಿಟ್ಟವಳೂ ನಾನೇ. ಅವಳು ಕ್ಷಮೆ ಕೇಳಿದಳು. ನನಗೆ ಕಿವಿಯವರೆಗೂ ಬಿಸಿಯೇರಿತ್ತು. ಆದರೆ ಕಣ್ಣೆದುರು ನಿಂತದ್ದು ಅವಳಲ್ಲ, ಬಾಲ್ಯದ ಗೆಳತಿ ವಸಂತ.

ಅಜ್ಜಂಪುರದಲ್ಲಿ ನಾವಿಬ್ಬರೂ ಏಳನೇ ಕ್ಲಾಸು. ಮಾವ ನನಗೆ ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಭಾನುವಾರ ಬಂತೆಂದರೆ ವಸಂತ ನಮ್ಮ ಮನೆಯಲ್ಲೇ. ಒಂದು ದಿನ ಕ್ಯಾಸೆಟ್ಟು ಕಾಣೆಯಾಯಿತು. ಮರುದಿನ ಶಾಲೆಯಲ್ಲಿ ಎಲ್ಲರೆದುರು ಅವಳ ಚೀಲವನ್ನು ಕಿತ್ತು ಬೋರಲು ಹಾಕಿದೆ. ಪುಸ್ತಕಗಳ ಜೊತೆ ಮುರಿದ ಬಾಚಣಿಗೆ, ಹುಣಿಸೆಹಣ್ಣಿನ ಪೊಟ್ಟಣ ಬಿದ್ದವು. ಅವಳು ಒಂದೊಂದನ್ನೇ ಎತ್ತಿ ತುಂಬಿಕೊಂಡಳು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ತಿಂಗಳ ನಂತರ ಕ್ಯಾಸೆಟ್ಟು ಟಿ.ವಿ. ಸ್ಟ್ಯಾಂಡಿನ ಸಂದಿಯಲ್ಲಿ ಸಿಕ್ಕಿತು. ಯಾರಿಗೂ ಹೇಳದೆ ನನ್ನ ಟ್ರಂಕಿನ ತಳಕ್ಕೆ ತಳ್ಳಿದೆ.

ವಸಂತ ಈಗ ಕಡೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮದುವೆಮನೆಗಳಲ್ಲಿ ಸಿಕ್ಕಾಗ ನಕ್ಕು ದೂರ ಸರಿಯುತ್ತೇವೆ. ಅವತ್ತು ಗೇಮ್ ಅಂಗಡಿಯಿಂದ ಮನೆಗೆ ಹೋಗದೆ ಕಡೂರಿನ ಬಸ್ಸು ಹತ್ತಿದೆ.

“ಆ ಕ್ಯಾಸೆಟ್ ಸಿಕ್ಕಿತ್ತು ಕಣೇ. ಆಗ್ಲೇ ಸಿಕ್ಕಿತ್ತು. ನಾನು ಹೇಳ್ಲಿಲ್ಲ,” ಎಂದೆ. ಕುಳಿತುಕೊಳ್ಳುವ ಮೊದಲೇ.

ಅವಳು ಹೊಲಿಗೆ ನಿಲ್ಲಿಸಲಿಲ್ಲ. “ಗೊತ್ತು. ನಿಮ್ಮಮ್ಮಂಗೆ ಟ್ರಂಕಲ್ಲಿ ಸಿಕ್ತಂತೆ. ನಮ್ಮನೆಗೆ ಬಂದು ನಮ್ಮವ್ವನ ಕೈ ಹಿಡ್ಕೊಂಡು ಅತ್ರು. ‘ಅವಳೇ ಬಂದು ಹೇಳ್ತಾಳೆ, ಹೇಳ್ಬೇಕು’ ಅಂದ್ರು. ಕಾದೆ. ಆಮೇಲೆ ಬಿಟ್ಟೆ.”

ಅಮ್ಮ ಸಾಯುವವರೆಗೂ ಈ ಮಾತೆತ್ತಿರಲಿಲ್ಲ. ಅಷ್ಟು ವರ್ಷ ಅವರೂ ಕಾದಿದ್ದರೇ?

ವಸಂತ ಮೆಷಿನ್ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ? ಏನಾದ್ರೂ ಕೆಲ್ಸ ಆಗ್ಬೇಕಿತ್ತಾ ನನ್ನಿಂದ?”

ಅನುಮಾನಪಡಲು ಅವಳಿಗೆ ಹಕ್ಕಿತ್ತು. “ಏನೂ ಇಲ್ಲ,” ಎಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

“ವಾಪಸ್ ಬಸ್ಸು ಎಷ್ಟೊತ್ತಿಗೆ?” ಎಂದಳು.

“ಇನ್ನೂ ಹೊತ್ತಿದೆ.”

ಅವಳು ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಕುಳಿತೆ.