ಹಿಂಬದಿಯ ಕೆಂಪು ಸ್ವಿಚ್ಚು

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಕಂಪ್ಯೂಟರಿನ ಸ್ವಿಚ್ಚು ಒತ್ತಿದೆ. ಪಟ್ ಅಂತ ಸದ್ದಾಯಿತು. ಕ್ಯಾಬಿನೆಟ್ಟಿನ ಹಿಂದಿನಿಂದ ಹೊಗೆ ಎದ್ದು, ನಿನ್ನೆ ಏರಿಸಿದ್ದ ಚೆಂಡುಹೂವಿನ ಹಾರವನ್ನು ದಾಟಿ ಕಿಟಕಿಯ ಕಡೆ ಹೋಯಿತು. ಮನೆಯ ಕರೆಂಟೂ ಹೋಯಿತು.

ಪ್ಲಗ್ಗು ಕಿತ್ತು ಕರೆಂಟಿನವರನ್ನು ಬಾಯಿಗೆ ಬಂದಂತೆ ಬೈದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯಲ್ಲಿ ಬೈಸಿಕೊಳ್ಳಲು ಯಾರೂ ಇಲ್ಲದ ಮೇಲೆ ಊರಿನವರನ್ನೆಲ್ಲ ಬೈಯುತ್ತೇನೆ. ಆಮೇಲೆ ಟಾರ್ಚು ಹಿಡಿದು ಹಿಂಬದಿಗೆ ಬಗ್ಗಿದೆ. ಬಗ್ಗಿದವಳಿಗೆ ಕಾರಣ ಕಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ತಗಡಿನ ಡಬ್ಬಿಗೆ ಎಸ್‌ಎಂಪಿಎಸ್ ಅನ್ನುತ್ತಾರೆ. ಹಳೆಯ ಡಬ್ಬಿಗಳ ಬೆನ್ನಿಗೆ ಒಂದು ಪುಟ್ಟ ಕೆಂಪು ಸ್ವಿಚ್ಚು ಇರುತ್ತದೆ. ಒಂದು ಕಡೆ ೨೩೦, ಇನ್ನೊಂದು ಕಡೆ ೧೧೫. ನಮ್ಮ ದೇಶದ ಕರೆಂಟಿಗೆ ಅದು ೨೩೦ರಲ್ಲೇ ಇರಬೇಕು. ಪೂಜೆಗೆ ಮುಂಚೆ ಮಿಷನ್ನು ಒರೆಸುವಾಗ, ವರ್ಷವರ್ಷವೂ ಇಟ್ಟ ಕುಂಕುಮ ಆ ಸ್ವಿಚ್ಚಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದನ್ನು ಹೇರ್‌ಪಿನ್ನಿನಲ್ಲಿ ಕೆರೆದಿದ್ದೆ. ಕುಂಕುಮದ ಜೊತೆ ಸ್ವಿಚ್ಚೂ ಸರಿದು ೧೧೫ಕ್ಕೆ ಹೋಗಿತ್ತು. ನಾನು ಅದರ ಮೇಲೆ ಹೊಸದಾಗಿ ವಿಭೂತಿ ಬಳಿದು, ಕುಂಕುಮವಿಟ್ಟು, ಕೈಮುಗಿದಿದ್ದೆ.

ಪಿನ್ನು ತಂದು ಅದನ್ನು ಮತ್ತೆ ೨೩೦ಕ್ಕೆ ತಳ್ಳಿದೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ತುಮಕೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಟೈಪಿಂಗ್ ಹೇಳಿಕೊಡುತ್ತಿದ್ದೆ, ಅವಳು ಹಾರ್ಡ್‌ವೇರ್ ಹೇಳಿಕೊಡುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬಟವಾಡಿ ಬಡಾವಣೆಯ ಈ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಇದ್ದೆವು. ಕೇಂದ್ರ ಮುಚ್ಚಿದ ಮೇಲೆ ನಾನು ಮನೆಯಲ್ಲೇ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಟೈಪು ಮಾಡತೊಡಗಿದೆ. ಅವಳು ತಮ್ಮನ ಗೊಬ್ಬರದ ಅಂಗಡಿ ನೋಡಿಕೊಳ್ಳಲು ಹುಲಿಯೂರುದುರ್ಗಕ್ಕೆ ಹೋದಳು. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿದರೆ ಬಂದುಬಿಡುವಷ್ಟೇ ದೂರ. ಆದರೂ ಅವಳು ಬಂದು ಒಂದೂವರೆ ವರ್ಷವಾಗಿತ್ತು. ಫೋನು ಮಾಡಿದರೆ 'ಅಂಗಡೀಲಿ ಜನ ಇದಾರೆ, ಆಮೇಲ್ ಮಾಡ್ತೀನಿ' ಅನ್ನುತ್ತಿದ್ದಳು. ಆ ಆಮೇಲು ಬರುತ್ತಿರಲಿಲ್ಲ.

ಆವತ್ತು ಹೊಗೆ ಅಂದ ತಕ್ಷಣ ಅವಳ ದನಿಯೇ ಬದಲಾಯಿತು.

"ಮೊದ್ಲು ಪ್ಲಗ್ ಕಿತ್ತಿದೀಯೇನೇ? ವಾಸ್ನೆ ಎಲ್ಲಿಂದ ಬರ್ತಿದೆ, ಮೂಸ್ ನೋಡು."

"ಹಿಂದ್ಗಡೆಯಿಂದ ಅಕ್ಕ."

"ಹಿಂದೆ ಕೆಂಪು ಸ್ವಿಚ್ಚು ಎಷ್ಟರಲ್ಲೈತೆ?"

"ಇನ್ನೂರ ಮೂವತ್ತರಲ್ಲಿ," ಅಂದೆ. ಆ ಗಳಿಗೆಗೆ ಅದು ಸುಳ್ಳೇನೂ ಆಗಿರಲಿಲ್ಲ.

ನಿಜ ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಡಬ್ಬಿ ಸುಟ್ಟಿದೆ, ಬೇರೆ ಹಾಕಿಸು, ಇಡ್ತೀನಿ ಅಂದುಬಿಡುತ್ತಿದ್ದಳು. ನಾನು ಹೇಳಲಿಲ್ಲ. ಅವಳು ಹೇಳಿದಂತೆ ಪಕ್ಕದ ತಗಡು ಬಿಚ್ಚಿದೆ. ಒಳಗಿನ ಮುಖ್ಯ ಬೋರ್ಡಿನ ಮೇಲೆ ನಿಂತ ಪುಟ್ಟ ಕೊಳವೆಗಳಂಥ ಕೆಪಾಸಿಟರುಗಳಲ್ಲಿ ಯಾವುದಾದರೂ ತಲೆ ಉಬ್ಬಿಸಿಕೊಂಡಿದೆಯೇ ಅಂತ ಒಂದೊಂದನ್ನೂ ನೋಡಿ ಹೇಳಿದೆ. ಎಸ್‌ಎಂಪಿಎಸ್‌ನ ವೈರುಗಳನ್ನೆಲ್ಲ ಬೋರ್ಡಿನಿಂದ ಬಿಡಿಸಿ, ಡಬ್ಬಿಯೊಂದೇ ಓಡುತ್ತದೆಯೇ ಅಂತ ನೋಡಲು ಹಸಿರು ವೈರಿಗೂ ಕಪ್ಪು ವೈರಿಗೂ ಜೆಮ್ ಕ್ಲಿಪ್ ಸೇರಿಸಿ, ಬಿದ್ದಿದ್ದ ಮೇನ್ ಎತ್ತಿ ಕರೆಂಟು ಕೊಟ್ಟೆ. ಡಬ್ಬಿಯ ಫ್ಯಾನು ತಿರುಗಲಿಲ್ಲ.

"ಎಸ್‌ಎಂಪಿಎಸ್ ಅಂತೂ ಸತ್ತೋಗೈತೆ," ಅಂದಳು. "ಸುಮ್ಸುಮ್ನೆ ಹಂಗೆ ಸಿಡಿಯಲ್ವಲ್ಲೇ. ಬೋರ್ಡನ್ನೂ ಎಳ್ಕೊಂಡ್ ಹೋಗಿದ್ರೆ ಕಷ್ಟ. ನೀನೇನೂ ಮುಟ್ಬೇಡ ಬುಡು. ಭಾನುವಾರ ನಾನೇ ಬಂದ್ ನೋಡ್ತೀನಿ."

ಮುಕ್ಕಾಲು ಗಂಟೆ ಮಾತಾಡಿದ್ದೆವು. ಅಂಗಡಿಗೆ ಯಾರೋ ಬಂದು ಕರೆದಾಗಲೂ ಅವಳು 'ನಿಂತ್ಕೊಳಪ್ಪ' ಅಂದಿದ್ದು ಕೇಳಿಸಿತ್ತು. ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು. ನಾಚಿಕೆಯೂ ಆಯಿತು, ಆದರೆ ಅದು ಕಡಿಮೆ.

ಭಾನುವಾರದ ತನಕ ಮಿಷನ್ನು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೇ ಇತ್ತು. ಗುಬ್ಬಿಯ ತೆಂಗಿನಕಾಯಿ ಮಂಡಿಯವರು ಗೃಹಪ್ರವೇಶದ ಕಾರ್ಡಿಗೆ ಎರಡು ಸಲ ಫೋನ್ ಮಾಡಿದರು. ಸೋಮವಾರ ಕೊಡ್ತೀನಿ ಅಂದೆ. ಮೂರನೇ ಸಲ ಮಾಡಿದಾಗ, ಅಷ್ಟು ಅವಸರ ಇದ್ದರೆ ಬೇರೆ ಕಡೆ ಮಾಡಿಸಿಕೊಳ್ಳಿ ಅಂತ ರೇಗಿದೆ. ಅವರು ಹಾಗೇ ಮಾಡಿದರು.

ಶನಿವಾರ ಅಕ್ಕನ ಮಂಚದ ಮೇಲೆ ರಾಶಿ ಹಾಕಿದ್ದ ಕಾರ್ಡಿನ ಕಟ್ಟುಗಳನ್ನೆಲ್ಲ ತೆಗೆದು ಹಾಸಿಗೆ ಒಣಗಿಸಿದೆ. ಭಾನುವಾರ ಬೆಳಿಗ್ಗೆಯೇ ಹುರುಳಿಕಾಳಿನ ಬಸ್ಸಾರು ಮಾಡಿ, ಮುದ್ದೆಗೆ ಹಿಟ್ಟು ಅಳೆದಿಟ್ಟೆ. ಒಬ್ಬಳಿಗೇ ಅಂತ ಮುದ್ದೆ ತೊಳಸುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮುಂದಿನ ಬೀದಿಯ ರಿಪೇರಿ ಅಂಗಡಿಯವರು, ನಡುವಯಸ್ಸಿನವರು, ಹಿಂದೆ ಅಕ್ಕನ ಹತ್ತಿರ ಕಲಿತವರು. ಕೈಯಲ್ಲಿ ಒಂದು ಎಸ್‌ಎಂಪಿಎಸ್.

"ಮೇಡಂ ಫೋನ್ ಮಾಡಿದ್ರು. ಅವರ್ ಮನೇಗ್ ನೆಂಟ್ರು ಬಂದವ್ರಂತೆ. ಇದನ್ನ ಹಾಕಿ ನೋಡು ಅಂದ್ರು."

ಬೇಡ ಅನ್ನಲು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಅವರು ವೈರು ಸಿಕ್ಕಿಸಿ ಕರೆಂಟು ಕೊಟ್ಟರು. ಒಂದು ಬೀಪ್ ಬಂತು, ಪರದೆ ಬೆಳಗಿತು, ಫೈಲುಗಳೆಲ್ಲ ಇದ್ದ ಹಾಗೇ ಇದ್ದವು. ಹತ್ತು ನಿಮಿಷದ ಕೆಲಸ. ಬೋರ್ಡು ಚೆನ್ನಾಗಿದೆ, ನಿಮ್ಮ ಅದೃಷ್ಟ ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿ, ಅಕ್ಕನಿಗೆ ಫೋನ್ ಮಾಡಿದೆ.

"ಸರಿಹೋಯ್ತಾ? ನೋಡ್ದಾ, ನಾನ್ ಬರೋದೇ ಬೇಕಾಗ್ಲಿಲ್ಲ," ಅಂದಳು. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು. ಹಿಂದೆ ಮಕ್ಕಳ ಸದ್ದು, ತಟ್ಟೆಗಳ ಸದ್ದು ಕೇಳುತ್ತಿತ್ತು.

ಫೋನ್ ಇಡಬೇಕೆಂದಿದ್ದೆ. ಬಾಯಿಂದ ಬೇರೆ ಮಾತು ಬಂತು. "ಆದ್ರೂ ಬಾ ಅಕ್ಕ. ಮುಂದಿನ್ ವಾರ ಬಾ."

"ಯಾಕೇ? ಇನ್ನೇನ್ ಕೆಟ್ಟೈತೆ?"

"ಏನೂ ಕೆಟ್ಟಿಲ್ಲ ಕಣಕ್ಕ. ಸುಮ್ನೆ ಬಾ."

ಅವಳು ನಕ್ಕಳು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ.

"ಸುಮ್ನೆ ಬರಕ್ಕೆ ಪುರುಸೊತ್ತೆಲ್ಲೇ ಐತೆ? ಏನಾದ್ರೂ ಕೆಟ್ರೆ ಹೇಳು, ಬರ್ತೀನಿ."