ಆರನೇ ಕಂತಿನ ಕಥೆ ಹೇಳಿದವನು ನಾನು

ಆ ಕಥೆಯನ್ನು ಹೊರಗೆ ಹೇಳಿದವನು ನಾನು, ಭಾಗ್ಯಮ್ಮ. ನೀವಲ್ಲ. ನೀವಲ್ಲ ಎಂಬುದು ನಿಮಗೆ ಗೊತ್ತೇ ಇತ್ತು. ನಾನು ಎಂಬುದನ್ನು ನೀವು ಯಾವಾಗ ಊಹಿಸಿದಿರೋ, ಊಹಿಸಿದ್ದಿರೋ ಇಲ್ಲವೋ — ನನಗೆ ತಿಳಿಯದು. ಠಾಣೆಯಲ್ಲಿ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ. ಇಲ್ಲಿ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಇದನ್ನು ಬೇರೆಯವರೂ ಓದಬಹುದು, ಓದಲಿ. ಗೌರಿಬಿದನೂರು ಕಡೆಯ ಒಂದು ಠಾಣೆಯಲ್ಲಿ ನಾನು ರೈಟರ್ ಆಗಿದ್ದೆ. ಅಂದರೆ ದೂರು, ಡೈರಿ, ಹಾಜರಿ, ಠಾಣೆಯಿಂದ ಹೊರಡುವ ಪ್ರತಿಯೊಂದು ಕಾಗದವನ್ನೂ ಬರೆಯುವ ಹೆಡ್ ಕಾನ್‌ಸ್ಟೇಬಲ್. ಭಾಗ್ಯಮ್ಮ ಅಲ್ಲೇ ಕಾನ್‌ಸ್ಟೇಬಲ್ ಆಗಿದ್ದರು. ನನ್ನ ಅಕ್ಷರ ದುಂಡಗಿತ್ತು. ಇಪ್ಪತ್ತೇಳು ವರ್ಷ ಆ ಅಕ್ಷರವನ್ನು ಹೊಗಳಿಸಿಕೊಂಡೇ ಬದುಕಿದೆ.

ಒಂದು ಬೆಳಿಗ್ಗೆ ನರಸಮ್ಮ ಎಂಬ ಹೆಂಗಸು ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತುಕೊಂಡು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದಳು. ಕಾರೊಂದು ಗುದ್ದಿತು. ಅಲ್ಲೇ ಸತ್ತಳು. ಮೇಕೆ ಕಾಯುತ್ತಿದ್ದ ಪಿಳ್ಳಪ್ಪ ಎಂಬ ಮುದುಕರು ಕಣ್ಣಾರೆ ಕಂಡು, ಠಾಣೆಗೆ ನಡೆದು ಬಂದು ದೂರು ಕೊಟ್ಟರು. ಬಿಳಿ ಕಾರು, ಜಲ್ಲಿ ಕ್ರಷರ್ ಮಾಲೀಕರದು, ಓಡಿಸುತ್ತಿದ್ದವನು ಅವರ ಮಗ. ನಮ್ಮವರು ಹಿಡಿದು ತಂದ ಆ ಕಾರು ಅರ್ಧ ದಿನ ನಮ್ಮ ಠಾಣೆಯ ಹಿಂದೆಯೇ ನಿಂತಿತ್ತು, ನಂಬರ್ ಪ್ಲೇಟಿನ ಸಂದಿಯಲ್ಲಿ ಒಂದು ಹಸಿರು ಎಲೆ ಸಿಕ್ಕಿಕೊಂಡು. ಮಧ್ಯಾಹ್ನ ನೋಡಿದರೆ ಕಾರಿರಲಿಲ್ಲ.

“ಯಾವ್ದೋ ಗಾಡಿ ಅಂತ ಬರ್ಕೊಳ್ರಿ” ಎಂದರು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಸಾಹೇಬರು. ಬರೆದೆ. ನಂಬರ್ ತಿಳಿಯದ, ಚಾಲಕನ ಗುರುತು ತಿಳಿಯದ ಯಾವುದೋ ವಾಹನ.

ಪಿಳ್ಳಪ್ಪನವರಿಗೆ ಓದು ಬರದು. ಹೆಬ್ಬೆಟ್ಟು ಒತ್ತುವ ಮೊದಲು, “ನಾನು ಹೇಳಿದ್ದು ಒಂದ್ ಕಿತ ಓದಿ ಸಾಮಿ” ಎಂದರು. ಓದಿದೆ. ಕಾಗದವನ್ನೇ ನೋಡುತ್ತಾ ಬಿಳಿ ಕಾರು ಎಂದೆ, ಕ್ರಷರ್ ಮಾಲೀಕರ ಮಗ ಎಂದೆ, ಅವರು ಹೇಳಿದ್ದನ್ನೆಲ್ಲ ಅವರದೇ ಮಾತಿನಲ್ಲಿ ಓದಿದೆ — ಕಾಗದದ ಮೇಲೆ ಅದರಲ್ಲಿ ಒಂದು ಪದವೂ ಇರಲಿಲ್ಲ. ಅವರು ತಲೆದೂಗಿ ಹೆಬ್ಬೆಟ್ಟು ಒತ್ತಿದರು. ಸಾಹೇಬರು ಮೇಜಿನ ಆಚೆ ಕೂತಿದ್ದರು. ಬಾಗಿಲ ಬಳಿ ನೀವಿದ್ದಿರಿ. ಆಮೇಲೆ ಆ ಹಾಳೆಯನ್ನು ನೋಡಿದ ನೀವು, “ಸಾರ್, ಅಜ್ಜ ಕಾರು ಅಂದ್ರಲ್ಲ...” ಎಂದಿರಿ.

“ನಿನ್ ಕೆಲ್ಸ ನೋಡ್ಕೊಳ್ಳಮ್ಮ” ಎಂದೆ ನಾನು.

ಎರಡು ವರ್ಷ ಕಳೆಯಿತು. ಭ್ರಷ್ಟ ಪೊಲೀಸರ ಕಥೆಯ ಒಂದು ಧಾರಾವಾಹಿಯ ಎರಡನೇ ಸೀಸನ್ ಚಿತ್ರೀಕರಣಕ್ಕೆ ತಂಡ ನಮ್ಮ ಕಡೆಗೆ ಬಂತು. ಠಾಣೆಯ ರೀತಿನೀತಿ ಹೇಳಿಕೊಡಲು ಸಾಹೇಬರು ನನ್ನನ್ನು ಕಳುಹಿಸಿದರು. ಸೆಲ್ಯೂಟ್ ಹೇಗೆ, ಡೈರಿ ಬರೆಯುವುದು ಹೇಗೆ, ಅಷ್ಟೇ ನನ್ನ ಕೆಲಸ. ಕಥೆ ಬರೆಯುವವನೊಬ್ಬನಿದ್ದ, ಮೂವತ್ತರ ಆಸುಪಾಸಿನವನು, ಬಹಳ ಮೆತ್ತನೆ ಮಾತು. ತೊಂಡೇಬಾವಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು, “ನಿಮ್ಮಷ್ಟು ಅನುಭವ ಯಾರಿಗಿದೆ ಸಾರ್” ಎಂದ. ನನ್ನನ್ನು ಹಾಗೆ ಯಾರೂ ಮಾತಾಡಿಸಿರಲಿಲ್ಲ. ಹೇಳಿಬಿಟ್ಟೆ. ನಮ್ಮ ಠಾಣೆಯದಲ್ಲ, ಎಲ್ಲೋ ಕೇಳಿದ್ದು ಎಂದು ಶುರು ಮಾಡಿ — ಮೇಕೆ, ಸೊಪ್ಪು, ನಂಬರ್ ಪ್ಲೇಟಿನ ಎಲೆ, ಓದಿದ್ದು ಒಂದು ಬರೆದದ್ದು ಇನ್ನೊಂದು, ಬಾಗಿಲ ಬಳಿಯ ಹೆಣ್ಣುಮಗಳು, ಎಲ್ಲವನ್ನೂ. ಒಂದನ್ನು ಮಾತ್ರ ತಿದ್ದಿದೆ. ನನ್ನ ಕಥೆಯ ರೈಟರ್ ಬೇಡವೆಂದು ಕೈಮುಗಿದು, ಸಾಹೇಬರ ಹೆದರಿಕೆಗೆ ಅಳುತ್ತಾ ಬರೆದ. ನಾನು ಅತ್ತಿರಲಿಲ್ಲ. ಬರೆದು ಮುಗಿಸಿ ಟೀ ಕುಡಿದಿದ್ದೆ.

ಆರನೇ ಕಂತಿನಲ್ಲಿ ಅದು ಬಂತು. ಮನೆಯಲ್ಲಿ ನೋಡುತ್ತಿದ್ದ ನನ್ನ ಹೆಂಡತಿ, “ಆ ರೈಟ್ರು ನಿಮ್ಮಂಗೇ ಅವ್ರೆ ಕಣ್ರೀ. ಪಾಪ, ಒಳ್ಳೇವ್ನು” ಎಂದಳು.

ಮರುದಿನ ಠಾಣೆಯಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ. ಎಲ್ಲರೂ ಆ ಕಂತನ್ನು ನೋಡಿದ್ದರು. ನೋಡಿದೆ ಎಂದು ಒಬ್ಬರೂ ಹೇಳಲಿಲ್ಲ. ಯಾರದಾದರೂ ಫೋನ್ ಬಂದರೆ ಉಳಿದವರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಊರವರು ದೂರು ಕೊಡಲು ಬಂದರೆ, ಬರೆದುಕೊಳ್ಳುವ ನನ್ನ ಕೈಯನ್ನೇ ದಿಟ್ಟಿಸುತ್ತಿದ್ದರು. ವಿದುರಾಶ್ವತ್ಥದ ಬಂದೋಬಸ್ತಿಗೆ ಹೋದಾಗ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪೊಲೀಸರು ನಡೆಸಿದ ಗೋಲಿಬಾರಿನ ಸ್ಮಾರಕ ನೋಡಲು ಬಂದ ಶಾಲೆಯ ಮಕ್ಕಳು ಓದುವುದನ್ನು ಬಿಟ್ಟು ತಿರುಗಿ ನಮ್ಮ ಖಾಕಿಯನ್ನು ನೋಡಿದರು. ಅದು ಮೊದಲಿನಿಂದಲೂ ಇದ್ದದ್ದೇ. ಆ ಸಲ ನನಗೆ ತಾಳಲಾಗಲಿಲ್ಲ.

ಮೂರನೆಯ ದಿನ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಆ ರೂಮಲ್ಲಿ ಇದ್ದಿದ್ದು ಮೂರೇ ಪೊಲೀಸ್ನೋರು. ನಾನಂತೂ ಹೇಳಿಲ್ಲ. ಶೂಟಿಂಗಿಗೆ ಹೋಗಿದ್ದು ನೀನು.”

ಮಾತು — ಯಾರೋ ಒಳಗೆ ಬರೆದಿಟ್ಟಂತೆ — ಸರಾಗವಾಗಿ ಬಂತು.

“ನಾನು ಹೇಳ್ತೀನಾ ಸಾರ್? ಬರ್ದಿರೋ ಕೈ ನಂದೇ. ಭಾಗ್ಯಮ್ಮ ಒಂದಿನ ಆ ಕತೆ ಬರೆಯೋನ ಜೊತೆ ಮಾತಾಡ್ತಾ ನಿಂತಿದ್ದು ನೋಡಿದೀನಿ.”

ನೋಡಿದ್ದು ನಿಜ. ಟೋಪಿಯೊಳಗೆ ಕೂದಲು ಕಟ್ಟುವುದು ಹೇಗೆಂದು ನಟಿಯೊಬ್ಬಳಿಗೆ ತೋರಿಸಲು ನಿಮ್ಮನ್ನು ಕರೆಸಿದ್ದರು. ನೀವು ಆಡಿದ್ದು ಅದೊಂದೇ ಮಾತು. ಅದೂ ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ.

ಕಥೆ ಹೇಳಿದ್ದಕ್ಕೆ ಯಾರನ್ನೂ ಶಿಕ್ಷಿಸುವಂತಿರಲಿಲ್ಲ, ಶಿಕ್ಷಿಸಿದರೆ ಕಥೆ ನಿಜವೆಂದು ಒಪ್ಪಿದಂತೆ. ಬೇರೆ ನೆಪ ಬೇಕಿತ್ತು. ನಿಮ್ಮ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನೀವು ನನ್ನನ್ನು ಕೇಳಿಯೇ ಹೋಗಿದ್ದಿರಿ. “ಹೋಗ್ಬಾಮ್ಮ, ನಾನು ಬರ್ಕೋತೀನಿ” ಎಂದಿದ್ದೆ. ಡೈರಿಯಲ್ಲಿ ಗೈರುಹಾಜರಿ ಎಂದು ಬರೆದೆ. ವಿಚಾರಣೆಯಲ್ಲಿ, ಆಕೆ ನನ್ನನ್ನು ಕೇಳಿರಲಿಲ್ಲ ಎಂದು ಹೇಳಿಕೆ ಕೊಟ್ಟೆ. ನೀವು ನನ್ನ ಕಡೆಗೆ ತಿರುಗಿ ನೋಡಿದಿರಿ. ಕೋಪವಿರಲಿಲ್ಲ, ನಾನೇನೋ ಮರೆತಿದ್ದೇನೆ, ಈಗ ಜ್ಞಾಪಿಸಿಕೊಳ್ಳುತ್ತೇನೆ ಎಂದು ಕಾಯುವ ಹಾಗೆ... ನಾನು ಗೋಡೆ ನೋಡಿದೆ.

ನಿಮಗೆ ಅಮಾನತು. ಆಮೇಲೆ ಜಿಲ್ಲೆಯ ಇನ್ನೊಂದು ಕೊನೆಗೆ ವರ್ಗ. ಅಲ್ಲಿಗೂ ನಿಮಗಿಂತ ಮೊದಲು ಮಾತು ಹೋಗಿತ್ತು — ಈಕೆಯ ಮುಂದೆ ಬಾಯಿ ಬಿಡಬೇಡಿ ಎಂದು. ಯಾರೂ ಪಕ್ಕದಲ್ಲಿ ಕೂತು ಊಟ ಮಾಡುವುದಿಲ್ಲವಂತೆ ಎಂಬ ಸುದ್ದಿ ನಮ್ಮ ಠಾಣೆಗೂ ಬಂತು. ಕೇಳಿದವರು ನಕ್ಕರು. ನಾನೂ ನಕ್ಕೆ, ನಗದಿದ್ದರೆ ಅನುಮಾನ ಬಂದೀತೆಂದು. ಒಂದು ವರ್ಷ ತಡೆದುಕೊಂಡು ನೀವು ಕೆಲಸ ಬಿಟ್ಟಿರಿ.

ಇಷ್ಟೇ ಆಗಿದ್ದರೆ... ಇಷ್ಟೇ ಅಲ್ಲ. ನಿಮಗೆ ವರ್ಗವಾದ ತಿಂಗಳಿನಲ್ಲೇ ಪಿಳ್ಳಪ್ಪ ಠಾಣೆಗೆ ಬಂದರು. ಇದು ನಿಮಗೆ ಗೊತ್ತಿಲ್ಲ.

“ಸಾಮಿ, ಸೊಸೆ ಫೋನಲ್ಲಿ ತೋರ್ಸಿದ್ಳು. ಒಬ್ಬ ಮುಸಲೋಡು, ನನ್ನಂಗೇ ಮುದ್ಕ, ಮೇಕೆ ಮೇಯಿಸ್ತಾನೆ. ಅವ್ನಿಗೆ ಒಂದು ಓದಿ ಇನ್ನೊಂದು ಬರೀತಾರೆ. ನನ್ ಕಾಗ್ದಾನೂ ಅಂಗೇ ಏನಾದ್ರೂ...? ಇನ್ನೊಂದ್ ಕಿತ ಓದ್ತೀರಾ?”

ಆ ಗಳಿಗೆಯಲ್ಲಿ ಠಾಣೆಯಲ್ಲಿ ನಾನೊಬ್ಬನೇ ಇದ್ದೆ. ಸಾಹೇಬರಿರಲಿಲ್ಲ, ಹೆದರಿಸುವವರು ಯಾರೂ ಇರಲಿಲ್ಲ. ಕಡತ ತೆಗೆದೆ. ಎರಡನೆಯ ಸಲವೂ ಅದೇ ಸುಳ್ಳನ್ನು, ಒಂದು ಕಡೆಯೂ ತಡವರಿಸದೆ ಓದಿದೆ. ಬಿಳಿ ಕಾರು. ಕ್ರಷರ್ ಮಾಲೀಕರ ಮಗ. ಅವರು ಗಮನವಿಟ್ಟು ಕೇಳಿ, ಎದ್ದು ಕೈಮುಗಿದರು.

“ತಪ್ಪಾಯ್ತು ಸಾಮಿ, ನಿಮ್ ಮೇಲೆ ಅನುಮಾನ ಪಟ್ಟೆ.”

ಕಳೆದ ವರ್ಷ ನಿವೃತ್ತನಾದೆ. ಹಾರ ಹಾಕಿದರು, ಪ್ರಾಮಾಣಿಕ ಎಂದರು. ಚಿಂತಾಮಣಿಯಲ್ಲಿ ಮನೆ ಮಾಡಿಕೊಂಡು, ಎಲ್ಲ ಹಳೆಯದಾಯಿತು ಎಂದುಕೊಂಡಿದ್ದೆ. ಎರಡು ವಾರದ ಕೆಳಗೆ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುತ್ತಿದ್ದಾಗ ಆ ಕಥೆ ಬರೆಯುವವನು ಫೋನ್ ಮಾಡಿದ. ಮೂರನೇ ಸೀಸನ್ ಬರುತ್ತಿದೆ ಎಂದ.

“ಸಾರ್, ಬಾಗಿಲಲ್ಲಿ ನಿಂತ್ಕೊಂಡು ಒಂದು ಮಾತು ಕೇಳ್ತಾಳಲ್ಲ ಆ ಕಾನ್‌ಸ್ಟೇಬಲ್, ಜನ ಅವಳನ್ನೇ ಕೇಳ್ತಿದಾರೆ. ನಿಜವಾಗ್ಲೂ ಅವ್ಳಿಗೆ ಏನಾಯ್ತು ಸಾರ್?”

ಫೋನ್ ಕಟ್ ಮಾಡಿದೆ. ಕೊಂಡ ತರಕಾರಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ನನ್ನ ಹೆಂಡತಿಗೆ ಮೊದಲು ಹೇಳಿದೆ. ಆ ರಾತ್ರಿ ಅವಳು ಚಾಪೆಯನ್ನು ನಡುಮನೆಯಲ್ಲಿ ಹಾಸಿಕೊಂಡಳು.

ಮಾರನೆಯ ದಿನ ಶಿಡ್ಲಘಟ್ಟದ ಬಸ್ಸು ಹತ್ತಿದೆ. ನೀವು ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳಿದ್ದೆ. ಮನೆ ಹುಡುಕಿ ಬಾಗಿಲು ತಟ್ಟಿದೆ. ನೀವು ನನ್ನನ್ನು ನೋಡಿದಿರಿ, ಆಮೇಲೆ ನನ್ನ ಹಿಂದಿನ ಬೀದಿಯನ್ನು ಎರಡೂ ಕಡೆ ನೋಡಿದಿರಿ. ಒಳಗೆ ಕರೆಯಲಿಲ್ಲ. ನಿಂತಲ್ಲೇ, ಕಥೆ ಹೇಳಿದವನು ನಾನೇ ಎಂಬುದನ್ನೂ ನಿಮಗೆ ನಾನು ಮಾಡಿದ್ದನ್ನೂ ಹೇಳಿದೆ.

“ಯಾರು ಕಳ್ಸಿದ್ರು ಸಾರ್ ನಿಮ್ಮನ್ನ?” ಎಂದಿರಿ.

“ಯಾರೂ ಇಲ್ಲಮ್ಮ.”

“ಆ ಸಾಹೇಬ್ರ ಮೇಲೆ ಈಗೇನೋ ಎನ್‌ಕ್ವೈರಿ ನಡೀತಿದೆಯಂತೆ. ನನ್ ಬಾಯಿಂದ ಏನೋ ಆಡ್ಸಕ್ಕೆ ಬಂದಿದೀರ. ಜೇಬಲ್ಲಿ ರೆಕಾರ್ಡಿಂಗ್ ಹಾಕಿದೀರಾ?”

ಫೋನನ್ನು ತೆಗೆದು ಮೆಟ್ಟಿಲ ಮೇಲಿಟ್ಟೆ.

“ಅದೊಂದೇನಾ ಫೋನು?”

ಏನು ತೋರಿಸಿದರೆ ನೀವು ನಂಬುತ್ತಿದ್ದಿರಿ ಎಂದು ಬಸ್ಸಿನಲ್ಲಿ ಯೋಚಿಸಿದೆ. ಏನೂ ಹೊಳೆಯಲಿಲ್ಲ. ನಂಬುವ ಶಕ್ತಿಯೇ ನಿಮ್ಮಿಂದ ಹೋಗಿದೆ, ಅದನ್ನು ಕಿತ್ತುಕೊಂಡವನು ನಾನು... ಕೊನೆಗೆ ನೀವು ಕೇಳಿದಿರಿ:

“ಪಿಳ್ಳಪ್ಪಜ್ಜಂಗೆ ಹೇಳಿದ್ರಾ?”

“ಇಲ್ಲ.”

“ಮೊದ್ಲು ಅಲ್ಲಿಗೆ ಹೋಗಿ.” ಬಾಗಿಲು ಹಾಕಿದಿರಿ.

ಹೋದೆ, ಭಾಗ್ಯಮ್ಮ. ಅದನ್ನು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಅವರು ಇದ್ದಾರೆ. ಕಣ್ಣು ಮಂಜಾಗಿದೆ, ಮೇಕೆ ಮಾರಿದ್ದಾರೆ. ಅಂಗಳದಲ್ಲಿ ಕೂತು, ಕಾಗದದಲ್ಲಿ ನಿಜವಾಗಿ ಏನಿದೆಯೆಂದು ಹೇಳಿದೆ. ನರಸಮ್ಮನ ಸಾವು ಯಾರ ಮೇಲೂ ಇಲ್ಲದ ಹಾಗೆ ಮುಚ್ಚಿಹೋದದ್ದನ್ನೂ ಹೇಳಿದೆ. ಮುದ್ದೆ ಕಟ್ಟುತ್ತಿದ್ದ ಸೊಸೆ ಕೈ ತೊಳೆದು ಬಂದು ನಿಂತಳು.

“ಎರಡು ಕಿತ ಸುಳ್ಳು ಓದ್ದೋನು ನೀನು. ಈಗ ಹೇಳಿದ್ದು ನಿಜ ಅಂತ ನಾನೆಂಗೆ ನಂಬ್ಲಿ?” ಎಂದರು ಪಿಳ್ಳಪ್ಪ.

ನನ್ನನ್ನು ನಂಬುವುದು ಬೇಡ ಎಂದೆ. ಸೊಸೆಗೆ ಓದು ಬರುತ್ತದೆ. ದೂರಿನ ನಕಲು ಪಡೆದು ಅವಳೇ ಓದಿ ಹೇಳುತ್ತಾಳೆ. ನಾನು ನನ್ನ ಹೇಳಿಕೆಯನ್ನು ಬರೆದಿದ್ದೇನೆ: ದೂರನ್ನು ತಿರುಚಿದ್ದು, ನಿಮ್ಮ ರಜೆಯನ್ನು ಗೈರುಹಾಜರಿ ಮಾಡಿದ್ದು, ವಿಚಾರಣೆಯಲ್ಲಿ ಹೇಳಿದ ಸುಳ್ಳು. ಅದನ್ನು ಮೇಲಧಿಕಾರಿಗಳ ಕೈಗೆ ಕೊಡುತ್ತೇನೆ. ಏನು ಬಂದರೂ ಬರಲಿ. ಯಾರದೋ ಹೆದರಿಕೆಗೆ ಮಾಡಿದೆನೆಂದು ಅದರಲ್ಲಿ ಬರೆದಿಲ್ಲ. ನೀವು ಬರಬೇಕಾಗಿಲ್ಲ, ನಂಬಬೇಕಾಗಿಯೂ ಇಲ್ಲ. ಒಂದು ಪ್ರತಿ ಅಂಚೆಯಲ್ಲಿ ನಿಮಗೆ ಬರುತ್ತದೆ.

ಸೋಮವಾರ ನಾನು, ಪಿಳ್ಳಪ್ಪ, ಅವರ ಸೊಸೆ ಮೂವರೂ ಚಿಕ್ಕಬಳ್ಳಾಪುರದ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗುತ್ತೇವೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದಿಲ್ಲ ಎಂದು ಪಿಳ್ಳಪ್ಪ ಈಗಲೇ ಹೇಳಿದ್ದಾರೆ.